ತುಟಿ ಗುಳ್ಳೆಯೂ ನಡತೆಯ ಸರ್ಟಿಫಿಕೇಟೂ

‘ಅಜ್ಜೀ, ನಾ ಊರಿಗೆ ಹೊಂಟೀನ್ರಿ. ಇಂವಾ ನಂಗ ಮೋಸ ಮಾಡ್ಯಾನ.’

ಹೋದ ವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೀಗೆಂದವಳು ಮಂಜುಳಾ. ಪೀಣ್ಯದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿರುವ ಕೊಪ್ಪಳದ ಕಡೆಯ ಹುಡುಗಿ. ಗಂಡ ಬಸುಗೆ ಇಲ್ಲೇ ಲೇತ್ ಮೆಷಿನ್ ಕೆಲಸ. ಜ್ವರ ಬಂದು ಹೋದ ಮೇಲೆ ಅವನ ತುಟಿಯಂಚಿನಲ್ಲಿ ನೀರುಗುಳ್ಳೆಗಳು ಎದ್ದಿದ್ದವು. ಕ್ಲಿನಿಕ್ಕಿನಲ್ಲಿ ‘ಹರ್ಪಿಸ್’ ಅಂದರಂತೆ. ಪಾಪ, ಮನೆಗೆ ಬಂದು ಹೆಂಡತಿಗೆ ಹಾಗೇ ಹೇಳಿದ. ಅವಳು ತನ್ನ ಮೊಬೈಲಿನಲ್ಲಿ ಆ ಹೆಸರು ಹುಡುಕಿದಳು; ‘ಲೈಂಗಿಕ ಸಂಪರ್ಕದಿಂದ ಬರುವ ರೋಗ’ ಎಂದಿತ್ತು. ಮುಗಿಯಿತು.

(ಮೊಮ್ಮಕ್ಕಳೇ, ಅಜ್ಜಿ ಇದನ್ನೂ ಬರೆಯುತ್ತಾಳಾ ಎಂದು ನಗಬೇಡಿ. ನನಗೂ ನಾಚಿಕೆಯೇ.)

ನಿಜ ಹೇಳಲೇ? ನನಗೂ ಅನುಮಾನ ಬಂತು. ಅವನಿಗೆ ನೈಟ್ ಶಿಫ್ಟ್. ಫೋನ್ ಬಂದರೆ ಟೆರೇಸಿಗೆ ಹೋಗುತ್ತಾನೆ. ಇಷ್ಟು ಸಾಕಲ್ಲವೇ, ಒಬ್ಬನನ್ನು ಕೆಟ್ಟವನೆಂದು ತೀರ್ಮಾನಿಸಲು?

‘ಹೋಗೋದೇ ಆದ್ರೆ ಡಾಕ್ಟರನ್ನ ಕೇಳ್ಕಂಡು ಹೋಗವ್ವ’ ಎಂದೆ. ಮೂವರೂ ಹೋದೆವು. ನಾನು ನೆಲ ನೋಡುತ್ತಾ ಕೂತೆ. ಮಂಜುಳಾ ನೇರವಾಗಿ ಕೇಳಿದಳು: ‘ಮೇಡಂ, ಇದು ಹೊರಗ ಹೋಗಿ ತಂದಿದ್ದ ಹೌದಲ್ರಿ?’

ಡಾಕ್ಟರಮ್ಮ ನಕ್ಕರು. ‘ತುಟಿ ಗುಳ್ಳೆ ನೋಡಿ ಅದನ್ನ ಹೇಳಕ್ಕಾಗಲ್ಲಮ್ಮ. ಈ ವೈರಸ್ ಬಹಳ ಜನಕ್ಕೆ ಚಿಕ್ಕಂದಿನಲ್ಲೇ ಅಂಟಿರುತ್ತೆ. ಯಾರೋ ದೊಡ್ಡವರು ಮುತ್ತು ಕೊಟ್ಟಿರ್ತಾರೆ, ಅಷ್ಟೇ. ಆಮೇಲೆ ನರದಲ್ಲಿ ಸುಮ್ನೆ ಮಲಗಿರುತ್ತೆ. ಜ್ವರ, ಬಿಸಿಲು, ಸುಸ್ತು ಆದಾಗ ಏಳುತ್ತೆ. ನಿಮಗೆ ಯಾವಾಗಾದ್ರೂ ಎದ್ದಿತ್ತಾ?’

ಮಂಜುಳಾ ದನಿ ತಗ್ಗಿತು. ‘ಸಾಲಿಗೆ ಹೋಗೂವಾಗ... ಜ್ವರ ಬಂದ್ರ ಏಳ್ತಿದ್ವು.’

ಬಸು ತಲೆ ಎತ್ತಿದ. ‘ಹಂಗಾದ್ರ ನಂಗ ಯಾರಿಂದ ಬಂತು, ಮಂಜೂ?’

‘ಅದಕ್ಕೆ ಯಾವ ಟೆಸ್ಟೂ ಉತ್ತರ ಕೊಡಲ್ಲ. ಇಬ್ರೂ ಜಗಳ ನಿಲ್ಸಿ’ ಎಂದರು ಡಾಕ್ಟರಮ್ಮ.

ಮಿಕ್ಕಿದ್ದನ್ನು ನಿಮಗಾಗಿ ನೆನಪಿಟ್ಟುಕೊಂಡು ಬಂದೆ. ಈ ವೈರಸ್ಸನ್ನು ಮೈಯಿಂದ ಪೂರ್ತಿ ಓಡಿಸುವ ಔಷಧ ಇಲ್ಲ. ಆದರೆ ತುಟಿ ಚುರುಗುಟ್ಟಿದ ಕೂಡಲೇ ಡಾಕ್ಟರು ಕೊಟ್ಟ ಮಾತ್ರೆ ಶುರುಮಾಡಿದರೆ ಬೇಗ ವಾಸಿ. ಒಣಗುವವರೆಗೆ ಮುತ್ತು ಬೇಡ, ಎಂಜಲು ಲೋಟ ಬೇಡ, ಟವೆಲ್ ಬೇರೆ. ಗುಳ್ಳೆ ಮುಟ್ಟಿದ ಕೈ ತೊಳೆಯದೆ ಕಣ್ಣಿಗೆ ತಾಗಿಸಬಾರದು. ಕಣ್ಣು ಕೆಂಪಾಗಿ ನೋವಾದರೆ ತಕ್ಷಣ ಆಸ್ಪತ್ರೆ. ಹಸುಗೂಸಿಗಂತೂ ಮುತ್ತು ಕೊಡಲೇಬಾರದು, ಅದರ ಜೀವಕ್ಕೇ ಅಪಾಯ. (ನಾಮಕರಣದ ಮನೆಯಲ್ಲಿ ಸೋದರತ್ತೆಗೆ ಇದನ್ನು ಹೇಳುವ ಧೈರ್ಯ ಯಾರಿಗಿದೆ?) ಗುಪ್ತಾಂಗದಲ್ಲಿ ಇಂಥ ಗುಳ್ಳೆ ಎದ್ದರೂ ಮುಚ್ಚಿಡದೆ ತೋರಿಸಿ. ಅದು ದೇಹಸಂಪರ್ಕದಿಂದ ಅಂಟುತ್ತದೆ, ಕೆಲವೊಮ್ಮೆ ಗುಳ್ಳೆ ಕಾಣದಿದ್ದಾಗಲೂ. ಕಾಂಡೋಮ್ ಬಳಸಿದರೆ ಅಪಾಯ ಕಡಿಮೆಯಂತೆ. (ಬರೆದೇಬಿಟ್ಟೆ!)

ಸಂಜೆ ಮಹಡಿಯಿಂದ ಗಂಡ ಹೆಂಡಿರ ಮಾತು ಕೇಳಿಸಿತು.

‘ಇನ್ನೂ ಅನುಮಾನ ಐತೇನು?’

‘ಗುಳ್ಳಿ ಒಣಗೋತನಕ ಟವೆಲ್ ಬ್ಯಾರೆ.’

‘ಒಣಗಿದ ಮ್ಯಾಲ?’

‘ನೋಡೂಣು.’

ಮಂಜುಳಾ ಊರಿಗೆ ಹೋಗಲಿಲ್ಲ. ಅನುಮಾನವೂ ಪೂರ್ತಿ ಹೋಗಿಲ್ಲ.

ಒಂದು ಮಾತು. ಬೇಸಿಗೆ ಬಂತೆಂದರೆ ನನ್ನ ತುಟಿಯಲ್ಲೂ ಇದೇ ಗುಳ್ಳೆ ಏಳುತ್ತದೆ. ‘ಉಷ್ಣ’ ಎನ್ನುತ್ತಾ ನೀವೆಲ್ಲ ಎಳನೀರು ತಂದುಕೊಡುತ್ತೀರಿ. ‘ಎಲ್ಲಿಗೆ ಹೋಗಿದ್ದೆ ಅಜ್ಜೀ?’ ಎಂದು ಇದುವರೆಗೆ ಒಬ್ಬರೂ ಕೇಳಲಿಲ್ಲವಲ್ಲ, ಯಾಕೆ?