ಫ್ರಾನ್ಸಿನ ಚಕ್ರವರ್ತಿ, ಅಲ್ ಬರ್ಷಾದ ಅಡುಗೆಮನೆಯಲ್ಲಿ

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಅಮ್ಮ ಬೀಡಿ ಕಟ್ಟಿ ಓದಿಸಿದ ಬಿ.ಎ.; ಇತಿಹಾಸ, ಕನ್ನಡ ಮಾಧ್ಯಮ. ಇದನ್ನು ನಾನು ಮೆಲುದನಿಯಲ್ಲಿ ಹೇಳುವವಳಲ್ಲ. ಆದರೆ ಗಲ್ಫಿಗೆ ಬಂದು ಜುಮೇರಾ ಲೇಕ್ ಟವರ್ಸ್‌ನ ಕಚೇರಿಯೊಂದರ ರಿಸೆಪ್ಷನ್‌ನಲ್ಲಿ ಕೂತವಳ ಹತ್ತಿರ ಇತಿಹಾಸ ಯಾರು ಕೇಳುತ್ತಾರೆ? ಹಾಗಾಗಿ ಅಬುಧಾಬಿಯ ಮ್ಯೂಸಿಯಂ ಒಂದಕ್ಕೆ ವಾರಾಂತ್ಯದ ಗೈಡ್‌ಗಳು ಬೇಕೆಂದು ತಿಳಿದ ಕೂಡಲೇ ಅರ್ಜಿ ಹಾಕಿದೆ. ಅಲ್ಲಿ ಹಳೆಯ ಪ್ಯಾರಿಸ್‌ನ ಫೋಟೋಗಳ ಪ್ರದರ್ಶನವಿತ್ತು. ಆ ಊರನ್ನು ಒಡೆದು ಹೊಸದಾಗಿ ಕಟ್ಟಿಸಿದ ಫ್ರಾನ್ಸಿನ ಕೊನೆಯ ಚಕ್ರವರ್ತಿಯ ಏಳುಬೀಳನ್ನು ಫೋಟೋಗಳ ಮುಂದೆ ನಿಂತು ಹೇಳಬೇಕು. ಅದೇ ಪರೀಕ್ಷೆ.

ಅಲ್ ಬರ್ಷಾದಲ್ಲಿ ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡವರು ಇಬ್ಬರು: ಉಡುಪಿ ಕಡೆಯ ಕೊಂಕಣಿ ನರ್ಸ್, ಟ್ರೇಡಿಂಗ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಬ್ಯಾರಿ ಹುಡುಗಿ. ಅವರು ಬಂಗುಡೆ ತೊಳೆಯುತ್ತಿದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಭ್ಯಾಸ ಶುರುಮಾಡಿದೆ.

"ಚಕ್ರವರ್ತಿಯ ಪತನಕ್ಕೆ ಮುಖ್ಯ ಕಾರಣಗಳು ಐದು. ಒಂದನೆಯದಾಗಿ..."

"ಖಲಾಸ್, ಸಾಕು!" ಬ್ಯಾರಿ ಹುಡುಗಿ ಒದ್ದೆ ಕೈ ಎತ್ತಿದಳು. "ಎಂತ ಮಾರಾಯ್ತಿ, ಅವ ಇನ್ನೂ ಹುಟ್ಟಲೇ ಇಲ್ಲ, ನೀನಾಗ್ಲೇ ಕೊಂದದ್ದಾ?"

ನಾನು ಕಲಿತದ್ದೇ ಹಾಗೆ. ಹತ್ತು ಅಂಕದ ಪ್ರಶ್ನೆಗೆ ಐದು ಕಾರಣ.

"ಅವ ಮೇಲೆ ಬಂದದ್ದು ಹೇಗೆ, ಅದು ಹೇಳು ಮೊದಲು," ಎಂದಳು ನರ್ಸ್.

ದೊಡ್ಡಪ್ಪನ ಹೆಸರಿನಿಂದ, ಅಂದೆ. ದೊಡ್ಡಪ್ಪ ಯುರೋಪನ್ನೇ ನಡುಗಿಸಿದವನು. ಇವನೋ, ದಂಗೆ ಎಬ್ಬಿಸಲು ಹೋಗಿ ನಗೆಪಾಟಲಾಗಿ ಕೋಟೆಯೊಂದರಲ್ಲಿ ಕೈದಿಯಾದ. ಅಲ್ಲಿ ರಿಪೇರಿ ನಡೆಯುತ್ತಿದ್ದಾಗ ಕೂಲಿಯವನ ಬಟ್ಟೆ ತೊಟ್ಟು, ಹೆಗಲಿಗೊಂದು ಹಲಗೆ ಏರಿಸಿ, ಬಾಗಿಲಿನಿಂದಲೇ ಹೊರಗೆ ನಡೆದ.

"ಗೇಟಲ್ಲಿ ಸೆಕ್ಯುರಿಟಿ ಇರ್ಲಿಲ್ವಾ?" ಬ್ಯಾರಿ ಹುಡುಗಿ ಕೇಳಿದಳು.

"ಇತ್ತು. ಹಲಗೆ ಹೊತ್ತವನ ಮುಖ ಯಾರು ನೋಡ್ತಾರೆ?"

"ಅದು ಹೌದು." ಅವಳು ಇನ್ನೊಂದು ಬಂಗುಡೆ ಎತ್ತಿಕೊಂಡಳು. "ಮತ್ತೆ? ಯಲ್ಲಾ, ಬೇಗ ಹೇಳು."

ಎರಡು ವರ್ಷದೊಳಗೆ ದಂಗೆಯಾಗಿ ಫ್ರಾನ್ಸಿನ ರಾಜ ಓಡಿಹೋದ; ಜನ ಓಟು ಹಾಕಿ ಇವನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಎರಡನೆಯ ಸಲ ನಿಲ್ಲುವಂತಿಲ್ಲ ಎಂದಾಗ ಕಾನೂನನ್ನೇ ಬದಿಗೊತ್ತಿದ, ಆಮೇಲೆ ಚಕ್ರವರ್ತಿಯೂ ಆದ. ರೈಲು ಓಡಿಸಿದ, ಗ್ಯಾಸ್ ದೀಪ ಹೊತ್ತಿಸಿದ, ಚರಂಡಿ ತೋಡಿಸಿದ, ಓಣಿಗಳನ್ನು ಕೆಡವಿ ಅಗಲ ರಸ್ತೆ ಎಳೆದ. ಕೊನೆಗೆ ಪ್ರಷ್ಯದ ಮೇಲೆ ಯುದ್ಧ. ಮೂತ್ರಕೋಶದ ಕಲ್ಲಿನ ನೋವಿನಲ್ಲೇ ಕುದುರೆ ಹತ್ತಿದ.

"ಸಾಯ್ಬಾ, ದೇವರೇ! ಆ ಕಲ್ಲು ಇಟ್ಕೊಂಡು ಕುದುರೆ ಮೇಲಾ?" ನರ್ಸ್ ಮೀನು ಬಿಟ್ಟು ತಿರುಗಿದಳು. "ಬೇಡ ಅಂತ ಹೇಳುವವರು ಒಬ್ರೂ ಇರ್ಲಿಲ್ವಾ?"

ನಮ್ಮ ಪಠ್ಯದಲ್ಲಿ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. ಅವನು ಸೆರೆಸಿಕ್ಕಿ, ಸಿಂಹಾಸನ ಕಳೆದುಕೊಂಡು, ಇಂಗ್ಲೆಂಡಿನಲ್ಲಿ ಪರದೇಶಿಯಾಗಿ ಸತ್ತ ಎನ್ನುವಷ್ಟರಲ್ಲಿ ಸಾರು ಕುದಿಯುತ್ತಿತ್ತು.

ಪರೀಕ್ಷೆಯ ದಿನ ಐದು ಕಾರಣಗಳನ್ನು ಬಿಟ್ಟೆ. ಕೋಟೆಯಿಂದ ತಪ್ಪಿಸಿಕೊಂಡಲ್ಲಿಂದ ಶುರುಮಾಡಿದೆ. ಆಯ್ಕೆ ಮಾಡುವ ಹಿರಿಯ ಅರಬ್ ಮಹಿಳೆ ಮುಗುಳ್ನಗಲೂ ಇಲ್ಲ. ನಾನು ಮುಗಿಸಿದ ಮೇಲೆ ಅರ್ಧ ಕೆಡವಿದ ಬೀದಿಯೊಂದರ ಫೋಟೋ ತೋರಿಸಿ ಕೇಳಿದರು:

"ಈ ಅಗಲ ರಸ್ತೆಗಳು ಗಾಳಿ ಬೆಳಕಿಗೋ, ದಂಗೆಯವರ ಮೇಲೆ ಸೈನ್ಯ ನುಗ್ಗಿಸುವುದಕ್ಕೋ?"

ಕೆಲಸ ಈ ಉತ್ತರದ ಮೇಲೆ ನಿಂತಿದೆ ಎಂದು ಗೊತ್ತಾಯಿತು. ಫೋಟೋದ ಹತ್ತಿರ ಹೋದೆ.

"ಎರಡೂ ಹೇಳ್ತಾರೆ ಮೇಡಂ. ಅವನ ಮನಸ್ಸಿಗೆ ಯಾವುದು ಮೊದಲು ಬಂತೋ ನನಗೆ ಗೊತ್ತಿಲ್ಲ. ಆದರೆ ಇಲ್ಲಿ ನೋಡಿ, ಉಳಿದಿರುವ ಗೋಡೆಯ ಮೇಲೆ ಒಲೆಯ ಮಸಿ ಇನ್ನೂ ಇದೆ. ಆ ಒಲೆಯಲ್ಲಿ ಬೇಯಿಸುತ್ತಿದ್ದವರು ಎಲ್ಲಿಗೆ ಹೋದರು? ನನಗೆ ಅದು ತಿಳೀಬೇಕು."

ಅವರು ಕನ್ನಡಕ ಮೇಲೇರಿಸಿ ಫೋಟೋದ ಹತ್ತಿರ ಬಗ್ಗಿದರು. ತುಂಬ ಹೊತ್ತು ನೋಡಿದರು.

"ಶನಿವಾರದಿಂದ ಬನ್ನಿ," ಎಂದರು, ಇನ್ನೂ ಬಗ್ಗಿಕೊಂಡೇ. "ಅಷ್ಟರಲ್ಲಿ ಹುಡುಕಿಡಿ, ಎಲ್ಲಿಗೆ ಹೋದರು ಅಂತ."