ಎರವಲು ಕೊಟ್ಟ ಬಂದೂಕು

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಲೈಬ್ರರಿ ಅಕ್ಕ ಎಂದು. ನಿವೃತ್ತಿಯಾದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ಇಡೀ ಸರ್ವಿಸು ಪುಸ್ತಕ ಎರವಲು ಕೊಡುವ ಕೌಂಟರಿನ ಹಿಂದೆಯೇ ಕಳೆದಿತ್ತು. ಮನುಷ್ಯರನ್ನು ಅಳೆಯಲು ಅವರಲ್ಲಿ ಇದ್ದದ್ದು ಒಂದೇ ಅಳತೆ: ಒಯ್ದದ್ದನ್ನು ಯಾವ ಸ್ಥಿತಿಯಲ್ಲಿ ಹಿಂದಕ್ಕೆ ತರುತ್ತಾರೆ ಎಂಬುದು. ಮೂಲೆಮನೆಯ ಮೇಷ್ಟ್ರು ಪುಟದ ಅಂಚಿನಲ್ಲಿ ಪೆನ್ನಿನಿಂದ ಲೇಖಕನ ತಪ್ಪು ತಿದ್ದಿ ತರುತ್ತಿದ್ದರು. ಬೇಕರಿಯವನು ಹೇಳಿದ ದಿನಕ್ಕೆ ಸರಿಯಾಗಿ ತರುತ್ತಿದ್ದ, ಆದರೆ ಕಥೆ ಬಿಸಿಯೇರಿದ ಪುಟಗಳಲ್ಲೆಲ್ಲ ಬೆಣ್ಣೆಯ ಬೆರಳಚ್ಚು ಇರುತ್ತಿತ್ತು. ಇನ್ನು ಅಕ್ಕನ ಸ್ವಂತ ತಮ್ಮ. ಏಳನೇ ತರಗತಿಯಲ್ಲಿ ಕಡಲುಗಳ್ಳರ ಕಥೆಯೊಂದನ್ನು ಒಯ್ದವನು ಇವತ್ತಿಗೂ ತಂದಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: "ಇನ್ನೂ ಓದಿ ಮುಗಿದಿಲ್ಲ ಅಕ್ಕ." ಈಗ ಅವನ ತಲೆ ನರೆತಿದೆ. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವರು ಅಕ್ಕನೇ. ಆದರೂ ಆಮೇಲೆ ಅವನಿಗೆ ಎರಡನೇ ಪುಸ್ತಕ ಕೊಡಲಿಲ್ಲ.

ಅಕ್ಕನ ಗಂಡ ಶೂಟಿಂಗ್ ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ತೀರಿಕೊಂಡಾಗ ಅವರು ಬಿಟ್ಟುಹೋದದ್ದು ಒಂದು ಗೋಡೆ ಗಡಿಯಾರ, ಒಂದು ಜೋಡಿನಳಿಗೆಯ ಬಂದೂಕು. ಲೈಸೆನ್ಸು ಅಕ್ಕನ ಹೆಸರಿಗೆ ಬಂತು. ಬಂದೂಕು ಮಂಚದ ಕೆಳಗಿನ ಟ್ರಂಕು ಸೇರಿತು. ಅಕ್ಕ ಒಮ್ಮೆಯೂ ಗುಂಡು ಹಾರಿಸಿದವರಲ್ಲ. ಆದರೆ ಗಂಡ ಕಲಿಸಿದ ಹಾಗೆ ಆಗಾಗ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಜೋಡಿಸುತ್ತಿದ್ದರು. ಬೇರೆಯವರು ಗಂಡನ ಫೋಟೊ ಒರೆಸುತ್ತಾರಲ್ಲ, ಹಾಗೆ. ಸುದ್ದಿ ಗೊತ್ತಾದಾಗ ಮೇಷ್ಟ್ರು, "ಸಭ್ಯರ ಬೀದಿಗೆ ಇದೊಂದು ಕಳಂಕ," ಎಂದು ಎಲ್ಲರೆದುರು ಹೇಳಿದ್ದರು.

ಆಮೇಲೆ ಆ ಕೆಟ್ಟ ವಾರಗಳು ಬಂದವು. ಸರಕಾರ ಇದೆಯೋ ಬಿದ್ದಿದೆಯೋ ಯಾರಿಗೂ ತಿಳಿಯದು. ಕರೆಂಟು ಹೋಯಿತು, ಫೋನು ಸತ್ತಿತು. ಪೊಲೀಸರು ಠಾಣೆಗೆ ತಾವೇ ಬೀಗ ಹಾಕಿಕೊಂಡು ಊರಿಗೆ ಹೊರಟುಹೋದರು. ಸೇತುವೆಯಾಚೆ ಅಂಗಡಿಗಳನ್ನು ದೋಚುತ್ತಿದ್ದಾರೆ ಎಂಬ ಮಾತು ಮನೆಯಿಂದ ಮನೆಗೆ ದೊಡ್ಡದಾಗುತ್ತ ಹಬ್ಬಿತು. ಕೊನೆಯ ಮನೆ ತಲುಪುವ ಹೊತ್ತಿಗೆ ದೋಚುವವರು ಕುದುರೆ ಏರಿದ್ದರು.

ಒಂದು ಸಂಜೆ ಅಕ್ಕನ ಮುಂದಿನ ಕೋಣೆಯಲ್ಲಿ ಬೀದಿಯೇ ಸೇರಿತು. ಅಕ್ಕನ ತಮ್ಮ ಕುರ್ಚಿಯಲ್ಲಿ ಕೂತಿದ್ದ. ಆದ್ದರಿಂದ ಬೇಕರಿಯವನು ಹೊಸ್ತಿಲಾಚೆ ನಿಂತಿದ್ದ. ಇಬ್ಬರೂ ಪಕ್ಕಪಕ್ಕದ ಮನೆಯವರು, ಮಾತು ಬಿಟ್ಟು ವರ್ಷಗಳಾಗಿದ್ದವು. ತಮ್ಮನದು ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ. ಹಿತ್ತಲಲ್ಲಿ ಒಣಗಲಿಟ್ಟ ಹಸಿ ಬಣ್ಣದ ಮೇಲೆ ಬೇಕರಿಯ ಚಿಮಣಿಯ ಮಸಿ ಬಂದು ಕೂರುತ್ತಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅಕ್ಕ, ನಿಮ್ಮ ಹತ್ರ ಒಂದು ವಸ್ತು ಇದೆಯಲ್ಲ."

"ಯಾವುದು ಮೇಷ್ಟ್ರೇ, ಆ ಕಳಂಕನಾ?"

"ಕಾಲ ಬದಲಾಯ್ತು ನೋಡಿ."

"ಕಳಂಕ ಬದಲಾಗಿಲ್ಲ. ಟ್ರಂಕಲ್ಲೇ ಇದೆ. ಎಣ್ಣೆ ಹಚ್ಚಿ ಇಟ್ಟಿದ್ದೀನಿ."

"ಇದರಲ್ಲಿ ಯೋಚನೆ ಮಾಡೋಕೆ ಏನಿದೆ," ತಮ್ಮ ಎದ್ದ. "ಭಾವನ ಬಂದೂಕು, ಮನೆಗೆ ಗಂಡಸು ನಾನೊಬ್ಬ. ಕೊಡು, ರಾತ್ರಿಯೆಲ್ಲ ನಾನು ಕಾಯ್ತೀನಿ."

"ಗುಂಡು ಹಾರಿಸೋಕೆ ಬರತ್ತಾ ನಿಂಗೆ?"

"ಅದೇನು ಮಹಾ. ಒಂದು ಕಣ್ಣು ಮುಚ್ಚೋದು, ಒತ್ತೋದು."

ಹಿಂದಿನ ದಿನವಷ್ಟೇ ಮಸಿ ಹಿಡಿದ ಬಿಳಿ ಬೋರ್ಡಿನೆದುರು ನಿಂತು ತಮ್ಮ ಗೊಣಗಿದ್ದನ್ನು ಅಕ್ಕ ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡಿದ್ದರು: "ಪೊಲೀಸೂ ಇಲ್ಲ, ಕೋರ್ಟೂ ಇಲ್ಲ. ಕೈಗೊಂದು ಬಂದೂಕು ಸಿಕ್ಕಲಿ, ಮೊದಲು ಆ ಚಿಮಣಿಗೆ." ಚಿಮಣಿಯ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಒಬ್ಬ ಮನುಷ್ಯ ನಿಂತಿರುತ್ತಾನೆ ಎಂಬುದು ಸಿಟ್ಟಿಗೆ ಕಾಣುವುದಿಲ್ಲ. ಬಂದೂಕು ಕೊಟ್ಟರೆ ಬೇಕರಿಯವನ ಜೀವ ಹೋದೀತು, ತಮ್ಮ ಕೊಲೆಗಾರನಾದಾನು. ಕೊಡದೆ ಇದ್ದು ನಿಜಕ್ಕೂ ಯಾರಾದರೂ ನುಗ್ಗಿದರೆ ಬೀದಿಯ ಶಾಪವೆಲ್ಲ ತನ್ನ ಮೇಲೆ. ಅಲ್ಲದೆ, ನಾಲ್ಕು ಜನ ಬೇಕೆಂದು ಕೇಳುವಾಗ ವಸ್ತುವನ್ನು ಒಳಗೆ ಬಚ್ಚಿಡುವುದು ಅವರ ಕೆಲಸದ ಧರ್ಮವೇ ಅಲ್ಲ.

"ಕೊಡ್ತೀನಿ," ಎಂದರು ಅಕ್ಕ. "ಆದ್ರೆ ಲೈಬ್ರರಿ ನಿಯಮದ ಮೇಲೆ."

ಹಿಂದೊಮ್ಮೆ ಲೈಬ್ರರಿಯಲ್ಲಿ ಒಂದು ದಪ್ಪ ಕಾದಂಬರಿಗಾಗಿ ಒಬ್ಬ ವಕೀಲ, ಒಬ್ಬ ಸೂಲಗಿತ್ತಿ ಕೌಂಟರಿನ ಮುಂದೆಯೇ ಕಿತ್ತಾಡಿದ್ದರು. ಅದು ಎರಡು ಸಂಪುಟದ ಪುಸ್ತಕ. ಅಕ್ಕ ಮೊದಲನೆಯದನ್ನು ವಕೀಲರಿಗೆ, ಎರಡನೆಯದನ್ನು ಸೂಲಗಿತ್ತಿಗೆ ಕೊಟ್ಟು ಕಳಿಸಿದರು. ಕಥೆಯ ಕೊನೆ ತಿಳಿಯಲು ಅವರು, ಮೊದಲು ತಿಳಿಯಲು ಇವರು ಒಬ್ಬರ ಬಾಗಿಲು ಇನ್ನೊಬ್ಬರು ತಟ್ಟಲೇಬೇಕಾಯಿತು. ಅಂದಿನಿಂದ ಕಿತ್ತಾಡುವವರಿಗೆಲ್ಲ ಅದೇ ಕ್ರಮ.

ಟ್ರಂಕು ಎಳೆದು ಅಕ್ಕ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದರು. ಜೋಡಿನಳಿಗೆಯನ್ನು ತಮ್ಮನ ಕೈಗಿಟ್ಟರು. ಮರದ ಹಿಡಿಯನ್ನು ಹೊಸ್ತಿಲಿಗೆ ಬಂದು ಬೇಕರಿಯವನಿಗೆ ಕೊಟ್ಟರು. "ಮೊದಲನೇ ಸಂಪುಟ ನಿಂಗೆ, ಎರಡನೇದು ಇವರಿಗೆ. ತೋಟಾ ನನ್ನ ಹತ್ರ. ಯಾರಾದರೂ ಬಂದರೆ ಮೂರೂ ಜನ ಸೇರೋಣ."

"ಅಕ್ಕ, ಇವನ ಜೊತೆಗಾ?" ತಮ್ಮನ ಮುಖ ಕಪ್ಪಿಟ್ಟಿತು.

"ಇವನು ಅಂತೆ," ಬೇಕರಿಯವನು ಬಾಗಿಲ ಚೌಕಟ್ಟಿಗೆ ಹೇಳಿದ. "ಇವನಿಗೂ ಎರಡು ಕೈ ಇದೆ ಅಂತ ಹೇಳಿ ಅವರಿಗೆ."

ಮಾರನೆಯ ದಿನದಿಂದ ಬೀದಿ ನೆಟ್ಟಗೆ ನಡೆಯತೊಡಗಿತು. ವಾಸನೆ ಹೊರಗೆ ಹೋದೀತೆಂದು ಕಿಟಕಿ ಮುಚ್ಚಿ ಹಾಲು ಕಾಯಿಸುತ್ತಿದ್ದವರೂ ಈಗ ತೆರೆದಿಟ್ಟರು. "ನಮ್ಮಲ್ಲಿ ಬಂದೂಕಿದೆ," ಎಂದು ಮೇಷ್ಟ್ರು ಬಹುವಚನದಲ್ಲಿ ಹೇಳಿಕೊಂಡು ತಿರುಗಿದರು.

ಒಂದು ದಿನ ಕತ್ತಲಾಗುವ ಮುಂಚೆ ಮೇಷ್ಟ್ರು ಬೀದಿಯನ್ನು ಎಚ್ಚರಿಸಲು ತಟ್ಟೆ ಬಡಿದರು. ಸೇತುವೆಯ ಕಡೆಯಿಂದ ಒಂದು ಗುಂಪು, ಕೈಯಲ್ಲಿ ಕೋಲುಗಳು. ಅಕ್ಕನ ತಮ್ಮ ನಳಿಗೆ ಹಿಡಿದು ಓಡಿಬಂದ. ಬೇಕರಿಯವನು ಹಿಟ್ಟು ಮೆತ್ತಿದ ಕೈಯಲ್ಲಿ ಹಿಡಿ ಎತ್ತಿಕೊಂಡು ಬಂದ. ಅಕ್ಕನ ಗೇಟಿನ ಮುಂದೆ ಇಬ್ಬರೂ ಎದುರಾಬದುರು ನಿಂತು ನಳಿಗೆಯನ್ನು ಹಿಡಿಗೆ ಸಿಕ್ಕಿಸಹೊರಟರು. ಮಂಡಿನೋವಿನ ಅಕ್ಕ ತೋಟಾಗಳನ್ನು ಕನ್ನಡಕದ ಡಬ್ಬಿಯಲ್ಲಿ ಹಿಡಿದುಕೊಂಡು ನಿಧಾನ ಮೆಟ್ಟಿಲಿಳಿದರು.

"ತಲೆಕೆಳಗಾಗಿ ಹಿಡಿದಿದ್ದೀರಿ," ಎಂದ ಬೇಕರಿಯವನು. ಅಷ್ಟು ವರ್ಷಗಳ ನಂತರದ ಮೊದಲ ಮಾತು.

"ನೀವು ರೊಟ್ಟಿ ತಟ್ಟೋ ಹಾಗೆ ತಟ್ಟಬೇಡಿ. ಮೆಲ್ಲಗೆ ಒತ್ತಿ. ನಿಲ್ಲತ್ತೆ."

"ನಿಲ್ಲಲ್ಲ ರೀ. ಬಿತ್ತು ನೋಡಿ."

"ಇಲ್ಲಿ ಕೊಡಿ. ಗುರಿ ಹಿಡಿಯೋನು ನಾನು."

"ಅಕ್ಷರ ಓರೆಯಾಗಿ ಬರೆಯೋರ ಗುರಿನಾ?"

"ಓರೆ? ನಿಮ್ಮ ಮಸಿ ಅಂಟಿ ಅಕ್ಷರ ಕಾಣದೆ ಇದ್ದರೆ ಓರೆ ಅನ್ನಿಸತ್ತೆ. ಎಷ್ಟು ಬೋರ್ಡು ಹಾಳುಮಾಡಿದ್ರಿ ನೀವು?"

"ಒಂದು ಸಲ ಗೋಡೆ ಮೇಲಿಂದ ಹೇಳಿದ್ರಾ? ಇವತ್ತು ಬಿಳಿ ಬಣ್ಣ ಇದೆ, ಒಲೆ ತಡ ಮಾಡಿ ಅಂತ? ಮುಖ ತಿರುಗಿಸ್ಕೊಂಡು ಹೋದ್ರಿ."

ಜಗಳ ಬಂದೂಕು ಬಿಟ್ಟು ಗೋಡೆ ಹತ್ತಿತು. ಗುಂಪು ಆಗಲೇ ಬಂದು ಅವರ ಸುತ್ತ ನಿಂತಾಗಿತ್ತು. ಮುಂದೆ ನಿಂತವನು ಪೊರಕೆಯ ಹಿಡಿಗೆ ಗಲ್ಲ ಊರಿ ಎರಡೂ ಕಡೆಯ ವಾದ ಕೇಳುತ್ತಿದ್ದ. ಮಾತು ನಿಲ್ಲುವ ಲಕ್ಷಣ ಕಾಣದಾಗ ಅವನೇ ಬಾಯಿ ಹಾಕಿದ.

"ಅಣ್ಣಾ, ಮುಗಿದ ಮೇಲೆ ಹೇಳಿ. ನಿಮ್ಮ ಬೀದಿಯಲ್ಲಿ ಬಂದೂಕಿದೆಯಂತೆ. ನಮ್ಮಲ್ಲಿ ಏನೂ ಇಲ್ಲ. ಎರವಲು ಸಿಗತ್ತಾ ಅಂತ ಕೇಳೋಕೆ ಬಂದ್ವಿ."

ತಮ್ಮ ತಿರುಗಿ ನೋಡಿದ. ಪಕ್ಕದ ಬೀದಿಯ ಕ್ಷೌರಿಕ. ಪ್ರತಿ ತಿಂಗಳು ತನ್ನ ಕುತ್ತಿಗೆಗೆ ಕತ್ತಿ ಇಟ್ಟೂ ಒಂದು ಗೀರು ಮೂಡಿಸದವನು. ಅವನ ಹಿಂದೆ ಅವನ ಮಗಳು, ಕೈಯಲ್ಲಿ ಛತ್ರಿ.

ತಮ್ಮ ನಳಿಗೆಯನ್ನು ನೆಲಕ್ಕೆ ಊರಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಓಡಿಬರುವಾಗ ಅವನು ಯಾರ ಮುಖವನ್ನೂ ನೋಡಿರಲಿಲ್ಲ, ಕೋಲುಗಳನ್ನಷ್ಟೇ ನೋಡಿದ್ದ. ಅಕ್ಕ ಪಕ್ಕದಲ್ಲಿ ಕೂತರು. ಬೇಕರಿಯವನು ಒಳಗಿನಿಂದ ನೀರು ತಂದುಕೊಟ್ಟ. ಲೋಟದ ಮೇಲೆ ಹಿಟ್ಟಿನ ಬೆರಳಚ್ಚು ಮೂಡಿತ್ತು.

"ಅಕ್ಕ, ಅದು ಯಾಕೆ ಕೂಡಲಿಲ್ಲ?" ನೀರು ಕುಡಿದು ತಮ್ಮ ಕೇಳಿದ.

ಅಕ್ಕ ಒಳಗೆ ಹೋಗಿ ಟ್ರಂಕಿನಿಂದ ಅಂಗೈ ಉದ್ದದ ಒಂದು ಮರದ ತುಂಡು ತಂದರು. ನಳಿಗೆಯ ಕೆಳಗೆ ಸಿಕ್ಕಿಸುವಂಥದ್ದು. ಅದಿಲ್ಲದೆ ನಳಿಗೆ ಹಿಡಿಯ ಮೇಲೆ ನಿಲ್ಲುವುದಿಲ್ಲ. ತಮ್ಮನಿಗೆ ತೋರಿಸಿ, ಅದನ್ನು ಕ್ಷೌರಿಕನ ಕೈಗಿಟ್ಟರು.

"ಇದು ಮೂರನೇ ಸಂಪುಟ. ನಿಮ್ಮ ಬೀದಿಯಲ್ಲಿರಲಿ."

ಕ್ಷೌರಿಕ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಆಯುಧಪಾಣಿಯಾದ ಮನುಷ್ಯನ ಗತ್ತಿನಲ್ಲಿ ಹೊರಟ. ಅಂದಿನಿಂದ ಎರಡು ಬೀದಿಗಳು ನಿಶ್ಚಿಂತೆಯಿಂದ ನಿದ್ದೆ ಮಾಡಿದವು.

ದೋಚುವವರು ಬರಲೇ ಇಲ್ಲ. ಕರೆಂಟು ಬಂತು. ಪೊಲೀಸರು ಬಂದು ಬೀಗದ ಕೈ ಕಳೆದುಹೋಗಿದೆಯೆಂದು ತಮ್ಮ ಠಾಣೆಯ ಬೀಗವನ್ನು ತಾವೇ ಒಡೆದರು. ಬೀದಿಯ ಸಭೆಯಲ್ಲಿ ಮೇಷ್ಟ್ರು, ನಮ್ಮನ್ನು ಉಳಿಸಿದ್ದು ನಮ್ಮ ಶಸ್ತ್ರಬಲ ಎಂದು ಭಾಷಣ ಮಾಡಿದರು. ಅಕ್ಕ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ನಳಿಗೆ ಈಗಲೂ ತಮ್ಮನ ಹಿತ್ತಲಲ್ಲಿದೆ. ಬೋರ್ಡಿನ ಮೇಲೆ ನೇರ ಗೆರೆ ಎಳೆಯಲು ಅದರಷ್ಟು ಒಳ್ಳೆಯ ಪಟ್ಟಿ ಸಿಕ್ಕಿಲ್ಲವಂತೆ. ಅಕ್ಷರಗಳು ಮೊದಲಿಗಿಂತ ನೆಟ್ಟಗಾಗಿವೆ ಎಂದು ಬೇಕರಿಯವನೂ ಒಪ್ಪುತ್ತಾನೆ, ಅಕ್ಕನ ತಮ್ಮ ಹತ್ತಿರ ಇಲ್ಲದಾಗ. ಹಿಡಿಯನ್ನು ಬೇಕರಿಯವನು ಒಲೆಯ ಬಾಗಿಲಿಗೆ ಆನಿಸಿದ್ದಾನೆ. ಗೋಡೆಯ ಮೇಲಿಂದ ದಿನವೂ ಜಗಳ ಕೇಳುತ್ತದೆ. ಇವತ್ತು ಬಿಳಿ ಬಣ್ಣ, ಒಲೆ ತಡ ಮಾಡಿ. ಆಗಲ್ಲ ರೀ, ಹಿಟ್ಟು ಉಬ್ಬಿದೆ.

ಲೈಸೆನ್ಸು ನೋಡಲು ಬಂದ ಹೊಸ ಇನ್‌ಸ್ಪೆಕ್ಟರ್ ಜೊತೆ ಮೇಷ್ಟ್ರೂ ಬಂದರು. ಟ್ರಂಕು ಬರಿದಾಗಿತ್ತು.

"ಒಂದು ದಿನ ತಡವಾದ್ರೂ ಬಿಡದೋರು ನೀವು," ಎಂದರು ಮೇಷ್ಟ್ರು. "ತಮ್ಮನ ಹತ್ರ ವಾಪಸ್ ಕೇಳಿಲ್ವಾ ಅಕ್ಕ?"

ಅಕ್ಕ ಟ್ರಂಕಿನ ಮುಚ್ಚಳ ಹಾಕಿದರು.

"ಇನ್ನೂ ಓದಿ ಮುಗಿದಿಲ್ಲವಂತೆ."