ಗ್ರೀಸು ಹಚ್ಚಿದ ಡಿಸ್ಕು

ನಮ್ಮ ಮನೆಯ ಹೆಂಗಸರಿಗೆ ಕೈ ಮುಂದು, ಬಾಯಿ ಆಮೇಲೆ. ನನ್ನ ಅಜ್ಜಿ ಹಾರವಾಡದ ದಂಡೆಯಲ್ಲಿ ದೋಣಿಯ ಹುಟ್ಟು ಎತ್ತಿ ಗಂಡನಿಗೇ ಬಾರಿಸಿದ್ದಳಂತೆ. ಅವ್ವ ಒಮ್ಮೆ ಬಸ್ಸಿನಲ್ಲಿ ಮೈಮೇಲೆ ಬೀಳುತ್ತಿದ್ದವನ ಕಿವಿ ಹಿಡಿದು ನಡುದಾರಿಯ ಅವರ್ಸಾದಲ್ಲೇ ಇಳಿಸಿದ್ದನ್ನು ನಾನೇ ಕಂಡಿದ್ದೇನೆ. ನಾನು ಅಂಕೋಲೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು, ನಾಲ್ಕು ಜನರ ಹತ್ತಿರ ಮೇಡಂ ಎನ್ನಿಸಿಕೊಂಡರೂ ರಕ್ತ ಎಲ್ಲಿ ಬಿಡುತ್ತದೆ? ಕಾರವಾರದ ಬಂದರಿನಲ್ಲಿ ಚಿಕ್ಕಿಗೆ ಹೊಡೆದು ಕೈ ಮುರಿದಿದ್ದಾರೆ ಎಂದು ಫೋನ್ ಬಂದಾಗ ಕೈಯಲ್ಲಿದ್ದ ಕೀಬೋರ್ಡನ್ನು ಗೋಡೆಗೆ ಬೀಸಿ ಒಗೆದೆ. ಗಿರಾಕಿಯ ಕೀಬೋರ್ಡ್ ಅದು. ಗಿರಾಕಿ ಎದುರಿಗೇ ನಿಂತಿದ್ದ.

ಚಿಕ್ಕಿ ಅಂದರೆ ಅವ್ವನ ತಂಗಿ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಬಂದರಿನ ಹರಾಜಿನಲ್ಲಿ ಮೀನು ಕೊಂಡು ಬುಟ್ಟಿ ಹೊತ್ತು ಮಾರುವುದು ಅವಳ ಕಸುಬು. ಆ ಬೆಳಿಗ್ಗೆ ಹರಾಜು ಕೂಗುವ ದಲ್ಲಾಳಿಯೊಬ್ಬ ಅವಳ ಬಲಗೈ ತಿರುಚಿ ಮುರಿದು, ಬಿದ್ದವಳ ಹೊಟ್ಟೆಗೆ ಒದ್ದಿದ್ದ. ಮೇಲಿಂದ ತನ್ನ ಹಣೆಗೆ ಹೊಲಿಗೆ ಹಾಕಿಸಿಕೊಂಡು, ಅವಳೇ ನನ್ನನ್ನು ಕೊಲ್ಲಲಿಕ್ಕೆ ಬಂದಳು, ನಾನು ಜೀವ ಉಳಿಸಿಕೊಳ್ಳಲು ದೂಡಿದೆ ಅಷ್ಟೇ ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದ. ನೋಡಿದವರು ಬೇಕಾದಷ್ಟು ಜನ. ಬಾಯಿಬಿಟ್ಟವರು ಒಬ್ಬರೂ ಇಲ್ಲ. ನಾಳೆ ಮತ್ತೆ ಅವನ ಎದುರಿಗೇ ನಿಂತು ಮೀನು ಕೊಳ್ಳಬೇಕಲ್ಲ, ಹೇಡಿಗಳು! ಉಳಿದದ್ದು ಕಂಬದ ಮೇಲಿನ ಕ್ಯಾಮೆರಾ ಒಂದೇ. ಅದು ಹಿಡಿದದ್ದೆಲ್ಲ ಹೋಗಿ ಸೇರುತ್ತಿದ್ದದ್ದು ಅಲ್ಲಿನ ಮೀನುಗಾರರ ಸೊಸೈಟಿ ಕಚೇರಿಯ ಸರ್ವರ್‌ಗೆ. ಆ ಸರ್ವರ್ ಮರುದಿನವೇ ಕೆಟ್ಟು ಕೂತಿತು.

ಅದರ ರಿಪೇರಿಗೆ ಸೊಸೈಟಿಯವರು ಮೊದಲಿಂದಲೂ ಕರೆಯುವುದು ನನ್ನನ್ನೇ. ಸೆಕ್ರೆಟರಿ ಫೋನ್ ಮಾಡಿದರು.

"ಮೇಡಂ, ಪೊಲೀಸ್ರು ವಿಡಿಯೋ ಕೇಳ್ತಾ ಅದಾರೆ. ಇದು ನೋಡಿದ್ರೆ ಆನ್ ಆಗೂದೇ ಇಲ್ಲ. ನಾಳೆನೇ ಬಂದ್ ನೋಡೂಕೆ ಆಗ್ತದಾ?"

ಬರುತ್ತೇನೆ ಅಂದೆ. ಏಟು ತಿಂದ ಹೆಂಗಸು ನನ್ನ ಚಿಕ್ಕಿ ಎಂದು ಹೇಳಲಿಲ್ಲ. ಹೇಳಿದ್ದರೆ ಬೇರೆ ಯಾರನ್ನೋ ಕರೆಯುತ್ತಿದ್ದರು.

ಕಚೇರಿ ಇರುವುದು ಮಂಜುಗಡ್ಡೆ ಕಾರ್ಖಾನೆಯ ಮಗ್ಗುಲಿಗೆ. ಕಿಟಕಿ ತೆರೆದರೆ ಕಡಲು. ಆ ಗಾಳಿಗೆ ಬೀಗ, ಬೀರು, ಫ್ಯಾನು ಯಾವುದೂ ಎರಡು ಮಳೆಗಾಲ ತಾಳುವುದಿಲ್ಲ. ಸರ್ವರ್ ಬಿಚ್ಚಿದೆ. ಆಪರೇಟಿಂಗ್ ಸಿಸ್ಟಮ್ ಇದ್ದ ಸಣ್ಣ ಡಿಸ್ಕ್ ತುಕ್ಕು ಹಿಡಿದು ಸತ್ತಿತ್ತು. ಅದಕ್ಕೆ ಹೊಸದು ತಂದಿದ್ದೆ, ಅದು ದೊಡ್ಡ ಮಾತಲ್ಲ. ಕ್ಯಾಮೆರಾ ಚಿತ್ರಗಳಿದ್ದದ್ದು ಬೇರೆ ಎರಡು ದೊಡ್ಡ ಡಿಸ್ಕುಗಳಲ್ಲಿ. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ ಒಳಗಿನ ಒಂದು ಕಾರ್ಡು ಎರಡನ್ನೂ ಜೋಡಿ ಮಾಡಿ ಇಟ್ಟಿರುತ್ತದೆ. ಹೊಸ ಡಿಸ್ಕಿಗೆ ಆಪರೇಟಿಂಗ್ ಸಿಸ್ಟಮ್ ಹಾಕಿ, ಆ ದೊಡ್ಡ ಡಿಸ್ಕುಗಳನ್ನು ತೆರೆದು, ಚಿಕ್ಕಿಗೆ ಒದ್ದ ಕಾಲನ್ನು ಪೊಲೀಸರ ಮುಂದೆ ಇಡಬೇಕು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಪೆನ್‌ಡ್ರೈವ್ ಹಾಕಿ ಇನ್‌ಸ್ಟಾಲ್ ಶುರು ಮಾಡಿದೆ. ಎಲ್ಲಿಗೆ ಹಾಕಲಿ ಎಂದು ಕೇಳುವ ಪುಟ ಬಂತು. ಪಟ್ಟಿ ಖಾಲಿ. ಡಿಸ್ಕ್ ಯಾವುದೂ ಸಿಗಲಿಲ್ಲ ಎಂದು ಒಂದು ಸಾಲು. ಹೊಸದೂ ಇಲ್ಲ, ಹಳೆಯವೂ ಇಲ್ಲ. ಸರಿ, ಆ ಕಾರ್ಡಿನ ಪರಿಚಯ ಇನ್‌ಸ್ಟಾಲರಿಗೆ ಇಲ್ಲ ಎಂದುಕೊಂಡು ಅದರ ಡ್ರೈವರ್ ಫೈಲನ್ನು ಬೇರೆ ಪೆನ್‌ಡ್ರೈವಿನಿಂದ ಕೊಟ್ಟೆ. ಹೊಸ ಡಿಸ್ಕ್ ಕಂಡಿತು. ದೊಡ್ಡವು ಎರಡೂ ಕಾಣಲಿಲ್ಲ. ಬಂದ್ ಮಾಡಿ ಮತ್ತೆ ಹಚ್ಚಿದೆ. ಇಲ್ಲ. ಕಾರ್ಡಿನ ಕೇಬಲ್ ಬದಲಿಸಿದೆ. ಇಲ್ಲ. ಹೊಸ ಫೈಲು ಹುಡುಕಿ ಕೊಟ್ಟೆ. ಇಲ್ಲವೆಂದರೆ ಇಲ್ಲ. ಮಧ್ಯಾಹ್ನವಾಯಿತು. ಕ್ಯಾಬಿನೆಟ್ಟಿಗೆ ಒದ್ದೆ. ನನ್ನ ಹೆಬ್ಬೆರಳ ಉಗುರೇ ಎದ್ದು ರಕ್ತ ಬಂತು.

ಸೆಕ್ರೆಟರಿ ಬಾಗಿಲಲ್ಲಿ ನಿಂತು ಹೇಳಿದರು. "ಎಂತಕೆ ಅಷ್ಟ್ ತಲೆಬಿಸಿ ಮೇಡಂ? ಎಲ್ಲಾ ಫಾರ್ಮ್ಯಾಟ್ ಹೊಡ್ದು ಹೊಸ್ದಾಗಿ ಹಾಕ್ಬಿಡಿ. ಹೋದದ್ದು ಹೋಯ್ತು."

"ಹೋದದ್ದು ಯಾರದು?" ಎಂದು ಕೂಗಿದೆ. ಅವರು ಊಟಕ್ಕೆ ಹೋದರು.

ದೊಡ್ಡ ಡಿಸ್ಕುಗಳನ್ನು ಹೊರಗೆ ಎಳೆದೆ. ಎಳೆದ ಬೆರಳು ಜಾರಿತು. ಡಿಸ್ಕಿನ ಹಿಂಬದಿಯ ಹಿತ್ತಾಳೆ ಬಣ್ಣದ ಹಲ್ಲುಗಳ ಮೇಲೆ, ಒಳಗೆ ಸಿಕ್ಕಿಸುವ ಸೀಳಿನ ತುಂಬ, ಕಪ್ಪು ಜಿಡ್ಡು. ಮೂಸಿದೆ. ಗ್ರೀಸು. ಬೋಟಿನ ಇಂಜಿನ್ನಿಗೆ ಹಚ್ಚುವ ಗ್ರೀಸು! ನನ್ನ ಮೈ ಉರಿದುಹೋಯಿತು. ಬೇಕೆಂದೇ ಮೆತ್ತಿದ್ದಾರೆ. ದಲ್ಲಾಳಿ ಯಾರಿಗೋ ಹೇಳಿ ಮಾಡಿಸಿದ್ದಾನೆ.

"ಈ ಕೋಣೆ ಚಾವಿ ಯಾರ ಹತ್ರ ಅದೆ?" ಎಂದು ಕೂಗಿದೆ.

ಕಚೇರಿಯ ವಾಚ್‌ಮನ್ ಮುದುಕ ಒಳಗೆ ಬಂದ. ಸಣ್ಣ ಆಳು. ಕೈಯಲ್ಲಿ ನನಗೇ ತಂದ ಚಹಾ ಇತ್ತು.

"ನನ್ ಹತ್ರ ಅದೆ ತಂಗಿ. ಎಂತಾಯ್ತು?"

"ಇದಕ್ಕೆ ಗ್ರೀಸ್ ಹಚ್ಚಿದ್ದು ಯಾರು?"

"ನಾನೇ," ಎಂದ. ಹೆಮ್ಮೆಯಿಂದ ಹೇಳಿದ.

ಅವನು ಇನ್ನೇನೋ ಹೇಳಲಿಕ್ಕೆ ಬಾಯಿ ತೆರೆಯುತ್ತಿದ್ದ. ನಾನು ಬಿಡಲಿಲ್ಲ. ಕೈ ಬೀಸಿ ದವಡೆಗೆ ಕೊಟ್ಟೆ. ಚಹಾ ಗೋಡೆಗೆ ಹಾರಿತು. ಅವನು ಮೇಜಿನ ಮೂಲೆಗೆ ತಾಗಿ ಕುಸಿದ. ಬಾಯಿಂದ ಹಲ್ಲಿನ ಸೆಟ್ಟು ಕಳಚಿ ನೆಲದ ಮೇಲೆ ಬಿತ್ತು, ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ನಾನು ನಿಲ್ಲಿಸಲಿಲ್ಲ. ಅಂಗಿಯ ಎದೆ ಹಿಡಿದು ಎತ್ತಿ ಗೋಡೆಗೆ ಒತ್ತಿ, ಎಷ್ಟಕ್ಕೆ ಮಾರಿಕೊಂಡೆ, ಹೇಳು, ಹೇಳು ಎಂದು ಅಲುಗಾಡಿಸಿದೆ.

ಅವನು ತಿರುಗಿ ಕೈ ಎತ್ತಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ನೀನು ಅವಳ ಅಕ್ಕನ ಮಗಳು. ಬಂದಾಗ್ಲೇ ಗುರ್ತ ಸಿಕ್ತು. ಅವಳ ಗಂಡ, ನಾನು ಒಂದೇ ಬೋಟಲ್ಲಿ ಇದ್ದವ್ರು. ಇಂಜಿನ್ ನೋಡ್ಕಣ್ತಿದ್ದೆ ನಾನು. ಇಂಜಿನ್ ನಿಂತ್ರೆ ಬಿಚ್ಚಿ ಗ್ರೀಸ್ ಹಚ್ಚಿ ಇಡೂದು, ಇಲ್ದಿದ್ರೆ ಗಾಳಿಗೆ ತಿಂದ್ಹೋಗ್ತದೆ. ಅವಳ ಸಾಕ್ಷಿ ಇದ್ರಾಗೆ ಅದೆ ಹೇಳಿದ್ರು. ತುಕ್ಕು ಹಿಡೀಬಾರ್ದು ಹೇಳಿ, ಬಟ್ಟೆಲಿ ಒರೆಸಿ, ನಿಧಾನಕ್ಕೆ ಹಚ್ಚಿದ್ದೆ."

ನನ್ನ ಕೈ ತಾನೇ ಬಿಟ್ಟಿತು. ಆ ಹಲ್ಲಿನ ಸೆಟ್ಟನ್ನು ಎತ್ತಿ, ನಲ್ಲಿಯಲ್ಲಿ ತೊಳೆದು ಕೊಟ್ಟೆ. ನಾಚಿಕೆಯಿಂದ ಸಾಯುವಂತಾಗಿತ್ತು. ಕಾಕಾ, ಕೂತುಕೊಳ್ಳಿ ಎಂದೆ. ಅದುವರೆಗೆ ಅವರನ್ನು ಏಕವಚನದಲ್ಲಿ ಬೈದಿದ್ದೆ.

ಅವರು ಕುರ್ಚಿಯಲ್ಲಿ ಕೂತು ತುಟಿಗೆ ಮಂಜುಗಡ್ಡೆ ಒತ್ತಿಕೊಂಡರು. ನಾನು ನೆಲದ ಮೇಲೆ ಕೂತು ಹತ್ತಿ, ಸ್ಪಿರಿಟ್ಟು ಹಿಡಿದು ಡಿಸ್ಕಿನ ಒಂದೊಂದೇ ಹಲ್ಲಿನ ಜಿಡ್ಡು ತೆಗೆದೆ. ಸೀಳಿನೊಳಗಿನದನ್ನು ಬ್ರಷ್ಷಿನಿಂದ ಕೆರೆದೆ. ಆಮೇಲೆ ಡಿಸ್ಕುಗಳನ್ನು ಸಿಕ್ಕಿಸಿ ಹಚ್ಚಿದರೆ ಕಾರ್ಡು ಅವನ್ನು ಕಂಡಿತು, ಆದರೆ ಒಪ್ಪಲಿಲ್ಲ. ಕಾಕಾ ಎರಡನ್ನೂ ಅದಲುಬದಲು ಹಾಕಿದ್ದಿರಬೇಕು. ಇವು ಹೊರಗಿನಿಂದ ಬಂದ ಡಿಸ್ಕುಗಳು, ಇದ್ದ ಹಾಗೇ ಒಳಗೆ ತೆಗೆದುಕೊಳ್ಳಲೋ, ಅಳಿಸಲೋ ಎಂದು ಕೇಳಿತು. ಈ ಪ್ರಶ್ನೆಗೆ ತಪ್ಪು ಉತ್ತರ ಒತ್ತಿ ವರ್ಷಗಳ ಕೆಲಸ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಎರಡು ಸಲ ಓದಿ, ಇದ್ದ ಹಾಗೇ ತೆಗೆದುಕೋ ಎಂದು ಒತ್ತಿದೆ. ಇನ್‌ಸ್ಟಾಲರಿನ ಪಟ್ಟಿಯಲ್ಲಿ ಎಲ್ಲವೂ ಬಂದವು. ಸಣ್ಣದಕ್ಕೆ ಮಾತ್ರ ಹಾಕಿ, ದೊಡ್ಡವನ್ನು ಮುಟ್ಟದೆ ಮುಗಿಸಿದೆ. ಕಾಕಾ ಗಂಟಲಲ್ಲೇ ನಕ್ಕು ಮನೆಗೆ ಹೊರಟರು. ನಾನು ಒಬ್ಬಳೇ ಆ ದಿನದ ಚಿತ್ರ ತೆರೆದೆ.

ಸದ್ದಿಲ್ಲದ ಚಿತ್ರ. ಚಿಕ್ಕಿ ಬುಟ್ಟಿಯ ಮುಂದೆ ಕೂತಿದ್ದಾಳೆ. ದಲ್ಲಾಳಿ ಬರುತ್ತಾನೆ, ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಹೇಳಿ ನಗುತ್ತಾನೆ. ಚಿಕ್ಕಿ ಎದ್ದಳು. ಎದ್ದ ಹಾಗೆಯೇ ತಕ್ಕಡಿಯ ಕಬ್ಬಿಣದ ಕಲ್ಲು ಎತ್ತಿ ಅವನ ಹಣೆಗೆ ಅಪ್ಪಳಿಸಿದಳು. ರಕ್ತ ಚಿಮ್ಮಿತು. ಇನ್ನೊಮ್ಮೆ ಎತ್ತಿದಳು. ಆಗ ಅವನು ಅವಳ ಕೈ ಹಿಡಿದು, ಬೆನ್ನ ಹಿಂದಕ್ಕೆ ತಿರುಚಿ, ಸಿಮೆಂಟ್ ಕಟ್ಟೆಯ ಅಂಚಿಗೆ ಹೊಡೆದ. ಅವಳು ಬಿದ್ದಳು. ಬಿದ್ದವಳಿಗೆ ಒದ್ದ. ಅವಳು ಮುದುಡಿಕೊಂಡಳು. ಮತ್ತೆ ಒದ್ದ. ಅವಳ ಮೈ ಅಲುಗಾಡುವುದು ನಿಂತ ಮೇಲೂ ಒದ್ದ. ಸುತ್ತ ನಿಂತವರಲ್ಲಿ ಒಬ್ಬ ತನ್ನ ಮೀನಿನ ಬುಟ್ಟಿಯನ್ನು ರಕ್ತ ತಾಗದ ಹಾಗೆ ಆಚೆ ಎಳೆದುಕೊಂಡ.

ನಾನು ಅತ್ತೆ. ಆಮೇಲೆ ಹೆದರಿದೆ. ಮೊದಲು ಹೊಡೆದದ್ದು ಚಿಕ್ಕಿ. ಇದನ್ನು ಕಂಡರೆ ಅವಳನ್ನೇ ಒಳಗೆ ಹಾಕುತ್ತಾರೆ, ಆ ನಾಯಿ ಮನೆಯಲ್ಲಿ ಮೀನೂಟ ಮಾಡುತ್ತಾನೆ. ಯಾರನ್ನೂ ಕೇಳಲಿಲ್ಲ. ಅವನು ಕೈ ತಿರುಚುವಲ್ಲಿಂದ ಮುಂದಿನದನ್ನಷ್ಟೇ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಉಳಿದದ್ದನ್ನು ಸುಮ್ಮನೆ ಅಳಿಸಿದರೆ ತಿಳಿದವರು ಮೇಲೆತ್ತಿಬಿಡುತ್ತಾರೆ ಎಂಬುದು ನನ್ನ ಕಸುಬಿನವರಿಗೆ ಗೊತ್ತು. ಅದಕ್ಕೇ ಮತ್ತೆ ಕಾರ್ಡಿನ ಪುಟಕ್ಕೆ ಹೋಗಿ, ಎರಡೂ ದೊಡ್ಡ ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ ಸೊನ್ನೆ ಬರೆದು ಅಳಿಸಲು ಹಚ್ಚಿದೆ. ಖಚಿತವೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ಸೆಕ್ರೆಟರಿ ಬಂದಾಗ, ಡಿಸ್ಕ್ ಹೋಗಿದೆ, ಇಷ್ಟೇ ಉಳಿಸಲಿಕ್ಕೆ ಆಯಿತು ಎಂದೆ.

ಪೊಲೀಸ್ ಠಾಣೆಯಲ್ಲಿ ಸಾಹೇಬರು ಆ ತುಂಡನ್ನು ಎರಡು ಸಲ ನೋಡಿದರು. ದಲ್ಲಾಳಿಯ ವಕೀಲ ಪಕ್ಕದಲ್ಲೇ ಕೂತಿದ್ದ.

"ಇದು ನಡುವಿಂದ ಶುರುವಾಗ್ತದೆ ಸರ್. ಮುಂಚಿನದು ಎಲ್ಲಿ? ಕತ್ತರಿಸಿದ್ದು ಯಾರು? ರಿಪೇರಿ ಮಾಡಿದವಳೇ ಆ ಹೆಂಗಸಿನ ಅಕ್ಕನ ಮಗಳಂತೆ. ಒದ್ದದ್ದನ್ನೂ ಕಂಪ್ಯೂಟರಲ್ಲೇ ಮಾಡಿ ಸೇರ್ಸಿದ್ದಾಳೆ ಹೇಳಿ ನಾವು ಹೇಳ್ತೇವೆ. ಮೂಲ ಇದ್ರೆ ತೋರ್ಸಿ."

ಮೂಲ ಇರಲಿಲ್ಲ. ಆ ತುಂಡು ಯಾವ ಕೆಲಸಕ್ಕೂ ಬರಲಿಲ್ಲ. ಅವನ ಹಣೆಯ ಹೊಲಿಗೆ ಮಾತ್ರ ಎಲ್ಲರ ಕಣ್ಣಿಗೂ ಕಾಣುವಂತಿತ್ತು.

ಆ ಸಂಜೆ ಹಾರವಾಡಕ್ಕೆ ಹೋಗಿ ಚಿಕ್ಕಿಯ ಮುಂದೆ ಎಲ್ಲ ಹೇಳಿದೆ. ಅಳಿಸಿದ್ದು ನಾನೇ, ನಿನ್ನನ್ನು ಉಳಿಸಲಿಕ್ಕೆ ಅಂತ ಅಳಿಸಿದೆ ಎಂದೆ. ಕೆನ್ನೆ ಅವಳ ಎಡಗೈಗೆ ಸಿಗುವಷ್ಟು ಹತ್ತಿರ ಕೂತಿದ್ದೆ. ಅವಳು ಹೊಡೆಯಲಿ ಎಂದು ಕಾದೆ. ನಮ್ಮ ಮನೆಯಲ್ಲಿ ಹಾಗೆಯೇ ಮುಗಿಯುವುದು. ಅವಳು ಕೈ ಎತ್ತಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ನಾ ಕಲ್ಲೆತ್ತಿ ಹೊಡ್ದದ್ದು ಹೌದು ಹೇಳಿ ಮೊದ್ಲ ದಿನವೇ ಪೊಲೀಸ್ರ ಹತ್ರ ಬರ್ಸಿ ಹೆಬ್ಬೆಟ್ಟು ಒತ್ತಿದ್ನಲ್ಲೇ. ಅದೂ ಆ ಚಿತ್ರದಾಗೆ ಕಂಡಿದ್ರೆ, ಇವಳು ಸುಳ್ಳು ಹೇಳುವವಳಲ್ಲ, ಅವ ಒದ್ದದ್ದೂ ಹೌದಾಗಿರ್ಬೇಕು ಹೇಳ್ತಿದ್ರು."